ಬೆಳಗಿನ ಪಾಳಿ

ದೊಡ್ಡಬಳ್ಳಾಪುರ
೧೭ ಜುಲೈ ೨೦೧೧, ಭಾನುವಾರ

ನನ್ನ ಮುದ್ದಿನ ತಮ್ಮ ಅಂಬ್ರಿಗೆ,

ನಿನ್ನ ಮಿತ್ರಕ್ಕ ಬರೀತಿರೋದು. ಅಕ್ಷರ ನೋಡಿದ ಕೂಡಲೇ ನಿನಗೆ ಗೊತ್ತಾಗಿರುತ್ತೆ. ಅಮ್ಮ ಗಟ್ಟಿಯಾಗಿದಾಳೆ, ಮಂಡಿನೋವು ಬಿಟ್ರೆ ಇನ್ನೇನಿಲ್ಲ. ನಾನೂ ಇದೀನಿ. ನೀನು, ನಿನ್ನ ಹೆಂಡತಿ, ಮಗಳು ಯಶಸ್ವಿನಿ, ಮೂರು ಜನಾನೂ ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿ ಮಲಗೋ ಹಾಗಿರಲಿ ಅಂತ ದಿನಾ ಅಂದ್ಕೋತೀನಿ.

ಮೊದಲು ತಪ್ಪೊಪ್ಪಿಕೊಂಡುಬಿಡ್ತೀನಿ. ದೀಪಾವಳಿಗೆ ನೀನು ಬರೆದ ಕಾಗದ ಎಂಟು ತಿಂಗಳಿಂದ ನನ್ನ ಆಫೀಸ್ ಬ್ಯಾಗಿನ ಒಳಜೇಬಲ್ಲೇ ಇದೆ. ಮಡಿಕೆ ಹರಿದುಹೋಗೋಷ್ಟು ಸಲ ತೆಗೆದು ಓದಿದೀನಿ. ಉತ್ತರ ಬರೆಯಲಿಲ್ಲ. ನೀನು ಅದರಲ್ಲಿ ಕೇಳಿದ್ದು ಒಂದೇ ಪ್ರಶ್ನೆ, "ಅಕ್ಕಾ, ನನ್ನ ಮೇಲೆ ಕೋಪಾನಾ?" ಅಂತ.

ಫೋನೂ ಎತ್ತಲಿಲ್ಲ. ಊರು ಬಿಟ್ಟ ಹೊಸದರಲ್ಲಿ ನೀನು ಪ್ರತಿ ಭಾನುವಾರ ಮಾಡ್ತಿದ್ದೆ. ನಿನ್ನ ಹೆಸರು ಕಾಣಿಸಿದ ತಕ್ಷಣ ಫೋನನ್ನ ದಿಂಬಿನ ಕೆಳಗೆ ತುರುಕಿ, ಅದು ಸುಮ್ಮನಾಗೋವರೆಗೂ ಅಡುಗೆಮನೇಲಿ ನಲ್ಲಿ ಬಿಟ್ಕೊಂಡು ನಿಂತಿರ್ತಿದ್ದೆ. ಆಮೇಲಾಮೇಲೆ ನೀನು ಅಮ್ಮನ ಫೋನಿಗೆ ಮಾಡೋಕೆ ಶುರು ಮಾಡಿದೆ. "ಅಕ್ಕ ಇದಾಳಾ?" ಅಂತ ಕೇಳ್ತೀಯ. ಅಮ್ಮ ನನ್ನ ಮುಖ ನೋಡ್ತಾಳೆ. ನಾನು ಬೇಡ ಅಂತ ಕೈ ಆಡಿಸ್ತೀನಿ. "ಡ್ಯೂಟಿಗೆ ಹೋಗವಳೆ ಕಣಪ್ಪ" ಅಂತಾಳೆ. ಅರವತ್ತೆಂಟು ವರ್ಷದ ಮುನಿತಾಯಮ್ಮನಿಗೆ ಸುಳ್ಳು ಹೇಳೋದು ಕಲಿಸಿದವಳು ನಾನು.

ನಿನ್ನ ಮೇಲೆ ನನಗೆ ಯಾವ ಕೋಪಾನೂ ಇಲ್ಲ ಕಣೋ. ಇಷ್ಟನ್ನ ಹೇಳೋಕೆ ಮೂರು ವರ್ಷ ಬೇಕಾಯ್ತು.

ಜನವರಿ ಕೊನೇಲಿ ಪೇಪರಿನಲ್ಲಿ ಓದಿದೆ. ನೊಯ್ಯಲ್ ನದಿಗೆ ಬಣ್ಣದ ನೀರು ಬಿಡ್ತಾರೆ ಅಂತ ನೀನಿರೋ ತಿರುಪ್ಪೂರಿನ, ಬಟ್ಟೆಗೆ ಬಣ್ಣ ಹಾಕೋ ಡೈಯಿಂಗ್ ಯೂನಿಟ್‌ಗಳನ್ನೆಲ್ಲ ಹೈಕೋರ್ಟು ಮುಚ್ಚಿಸಿತು ಅಂತ. ನಮ್ಮ ಮಾಲಿನ್ಯ ನಿಯಂತ್ರಣದ ಆಫೀಸಲ್ಲಿ ಎಲ್ಲರೂ ಖುಷಿಯಾಗಿ ಮಾತಾಡ್ಕೋತಿದ್ರು, "ನೋಡಿ, ಆರ್ಡರ್ ಅಂದ್ರೆ ಹಿಂಗಿರಬೇಕು" ಅಂತ. ನಾನು ಎದ್ದು ಹೊರಗೆ ಬಂದುಬಿಟ್ಟೆ. ಇಲ್ಲಿ ನಿನ್ನ ಕೆಲಸ ಕಿತ್ತುಕೊಂಡಿದ್ದು ನಾನು ತಂದ ಕಾಗದ. ಇನ್ನೂರೈವತ್ತು ಮೈಲಿ ದೂರ ಹೋಗಿ ಹೊಸದಾಗಿ ಒಲೆ ಹೂಡಿದ್ಯಲ್ಲ, ಅಂಥದೇ ಇನ್ನೊಂದು ಕಾಗದ ಅಲ್ಲಿಗೂ ನಿನ್ನ ಹಿಂದೇನೇ ಬಂತಲ್ಲಪ್ಪ ಅನ್ನಿಸಿತು. ಅವತ್ತು ಸಂಜೆ ಅಮ್ಮನ ಫೋನಿಂದ ನಾನೇ ನಂಬರ್ ಒತ್ತಿ ಅಮ್ಮನ ಕೈಗೆ ಕೊಟ್ಟು ಪಕ್ಕದಲ್ಲೇ ಕೂತ್ಕೊಂಡೆ. "ಗೋಡೌನಲ್ಲಿ ಬಟ್ಟೆ ಬೇಲ್ ಹೊರೋ ಕೆಲಸ ಸಿಕ್ಕಿದೆ ಅಮ್ಮ, ತೊಂದ್ರೆ ಇಲ್ಲ" ಅಂದೆ ನೀನು. ನಿನ್ನ ದನಿ ನನಗೂ ಕೇಳಿಸಿತು. ಬಣ್ಣದ ಹದ ಕಣ್ಣಳತೇಲೇ ಹೇಳ್ತಿದ್ದವನು, ಈಗ ಬೇಲ್ ಹೊರ್ತೀಯ. ಯಶಸ್ವಿನಿ ಫೋನ್ ತಗೊಂಡು ಅಮ್ಮನನ್ನ ತಮಿಳಿನವರ ಹಾಗೆ "ಪಾಟಿ" ಅಂದಳು. ಅಮ್ಮ ಎರಡು ದಿನ ಅದನ್ನೇ ಹೇಳ್ಕೊಂಡು ನಕ್ಕಳು. ಮೂರನೇ ದಿನ ಅತ್ತಳು. ಮಗು ಬಾಯಲ್ಲಿ ಅಜ್ಜಿ ಅನ್ನೋ ಮಾತೇ ಹೋಯ್ತಲ್ಲ ಅಂತ.

ಈಗ ಸುದ್ದಿ ಹೇಳ್ತೀನಿ. ಕೋರ್ಟಿನ ತೀರ್ಪು ಬಂತು ಅಂಬ್ರಿ. ಹೋದ ತಿಂಗಳು ಇಪ್ಪತ್ತೊಂದನೇ ತಾರೀಕು. ನಾಲ್ಕು ವರ್ಷ ಎಳೆದ ನಿನ್ನ ಹಳೇ ಫ್ಯಾಕ್ಟರಿ ಕೇಸು ಗೆದ್ದು ನಿಂತಿತು. ಫ್ಯಾಕ್ಟರಿ ಮ್ಯಾನೇಜರಿಗೆ ಒಂದೂವರೆ ವರ್ಷ ಸಜೆ ಆಗಿದೆ. ಅಪೀಲಿಗೆ ಹೋಗಿದಾರೆ, ಶಿಕ್ಷೆ ಅಮಾನತ್ತಲ್ಲಿಟ್ಟು ಅವತ್ತೇ ಮನೆಗೆ ಬಿಟ್ರು ಅನ್ನೋದು ಬೇರೆ ಮಾತು. ಆದರೂ ಆಫೀಸಲ್ಲಿ ನನಗೆ ಹಾರ ಹಾಕಿದ್ರು. ನಮ್ಮ ಆದಿನಾರಾಯಣಪ್ಪ ಸಾಹೇಬರು ರಿಟೈರ್ ಆದವರು, ಅದಕ್ಕೇ ಅಂತ ಬಂದಿದ್ರು. ತೀರ್ಪಲ್ಲಿ ನಿನ್ನ ಹೆಸರು ನಾಲ್ಕು ಕಡೆ ಇದೆ. "ಸ್ಥಳದಲ್ಲಿ ಜವಾಬ್ದಾರಿ ಹೊತ್ತಿದ್ದ ಪಾಳಿ ಮೇಲ್ವಿಚಾರಕ, ಲೇಟ್ ಕೊಂಡಪ್ಪನವರ ಮಗ ಅಂಬರೀಶ್ ಎಂಬುವವರ ಸಮಕ್ಷಮ ಮಾದರಿಯನ್ನು ಸಂಗ್ರಹಿಸಿ ಮೊಹರು ಮಾಡಲಾಗಿದ್ದು" ಅಂತ. ಅದನ್ನ ಅಮ್ಮನಿಗೆ ಓದಿ ಹೇಳಿದೆ. ಅಪ್ಪನ ಹೆಸರು ಬಂದಾಗ ಅಮ್ಮ ಸೆರಗು ಸರಿ ಮಾಡ್ಕೊಂಡಳು.

ಆ ದಿನ ನಿನ್ನ ಕಡೆಯಿಂದ ಹೇಗಿತ್ತು ಅಂತ ನಿನಗೆ ಗೊತ್ತು. ನನ್ನ ಕಡೆಯಿಂದ ಹೇಗಿತ್ತು ಅಂತ ನಾನು ಯಾವತ್ತೂ ಹೇಳಲೇ ಇಲ್ಲ. ಅದಕ್ಕೇ ಬರೀತೀನಿ, ಬೇಜಾರು ಮಾಡ್ಕೋಬೇಡ.

ನಿನಗೆ ನೆನಪಿದೆಯಲ್ಲ, ಆಲದಕುಂಟೆ ಕೆರೆ ತೂಬು ಎತ್ತೋದು ಇಳಿಸೋದು ಅಪ್ಪನ ಕೈಲಿತ್ತು. ಊರಿಗೇ ನೀರಗಂಟಿ. ಬಾಶೆಟ್ಟಿಹಳ್ಳಿ ಕಡೆಯಿಂದ ಬರೋ ಕಾಲುವೇಲಿ ಡೈಯಿಂಗ್ ಫ್ಯಾಕ್ಟರಿಯ ಬಣ್ಣದ ನೀರು ಬರೋಕೆ ಶುರುವಾದ ಮೇಲೆ, ಅಪ್ಪ ತೂಬು ಎತ್ತಿದಾಗೆಲ್ಲ ಗದ್ದೆ ಕೆಂಪಗೆ ಸುಡ್ತಿತ್ತು. ಊರವರು ಫ್ಯಾಕ್ಟರಿಯವರನ್ನ ಬೈಯಲಿಲ್ಲ, ಅವರು ಕಣ್ಣಿಗೆ ಕಾಣ್ತಿರಲಿಲ್ಲ. ತೂಬಿನ ಹತ್ರ ನಿಂತಿದ್ದ ಅಪ್ಪನನ್ನ ಬೈದರು. "ವಿಷ ಬಿಟ್ಟೆಯಲ್ಲೋ ಕೊಂಡಾ" ಅಂತ ಆವಲಪ್ಪ ಗದ್ದೆ ಬದುವಿನ ಮೇಲೆ ನಿಂತು ಕಿರುಚಿದ್ದು ನಾನೇ ಕೇಳಿದೀನಿ. ಅಪ್ಪನ ಕೈ ಬೆರಳ ಸಂದೀಲಿ ಹುಣ್ಣಾಗಿ ವಾಸಿಯಾಗಲೇ ಇಲ್ಲ. ಸಾಯೋ ವರ್ಷ ನನ್ನನ್ನ ಕೇಳಿದ್ರು, "ನೀನು ಅದಕ್ಕೇ ಇರೋ ಆಫೀಸಲ್ಲಿ ಇದೀಯಲ್ಲವ್ವ, ನಿಮ್ಮ ಕಾನೂನು ಎಲ್ಲಿಗಂಟ ಬಂದದೆ?" ಅಂತ. ನಾನು "ಬರ್ತದಪ್ಪ" ಅಂದೆ. ಅದೇ ಫ್ಯಾಕ್ಟರೀಲಿ ನೀನು ಪಾಳಿ ಮೇಲ್ವಿಚಾರಕ. ಮನೆ ಒಲೆ ಉರೀತಿದ್ದಿದ್ದು ನಿನ್ನ ಸಂಬಳದಿಂದ. ಇದನ್ನೆಲ್ಲ ಒಂದೇ ಸೂರಿನ ಕೆಳಗೆ ಇಟ್ಕೊಂಡು ನಾವು ಮುದ್ದೆ ಉಣ್ತಿದ್ವಿ.

ಕಾನೂನು ಬರೋದು ಸುಲಭ ಅಲ್ಲ ಕಣೋ. ಹೊರಗಿನವರಿಗೆ ಗೊತ್ತಾಗಲ್ಲ. ನೀರು ಕೆಟ್ಟಿದೆ ಅಂತ ಕಣ್ಣಿಗೆ ಕಂಡರೆ ಸಾಲದು. ನೋಟಿಸು ಕೊಡಬೇಕು, ಅವರ ಕಡೆಯವರ ಎದುರಿಗೇ ನೀರು ತುಂಬಬೇಕು, ಎರಡು ಪಾಲು ಮಾಡಿ ಬಾಟಲಿಗೆ ಅರಗು ಹಾಕಿ ಮೊಹರು ಒತ್ತಬೇಕು, ಎರಡರ ಮೇಲೂ ನನ್ನ ಸಹಿ, ಅವರ ಸಹಿ. ಮೂರು ಸಲ ಹೋಗಿ ಸೋತಿದ್ದೆ. ಮೊದಲನೇ ಸಲ ಗೇಟು ತೆಗೆಯೋಕೆ ಮುಕ್ಕಾಲು ಗಂಟೆ ಮಾಡಿದ್ರು, ಒಳಗೆ ಹೋದಾಗ ಪೈಪು ಒಣಗಿತ್ತು. ಎರಡನೇ ಸಲ ಮ್ಯಾನೇಜರು "ಇದು ನಮ್ಮ ನೀರೇ ಅಲ್ಲ ಮೇಡಂ, ಪಕ್ಕದವರದು" ಅಂತ ಕಾರು ಹತ್ತಿ ಹೋದ. ಮೂರನೇ ಸಲ ಯಾರೂ ಸಹಿ ಹಾಕಲಿಲ್ಲ. ಕಾಯ್ದೇಲಿ ಅದಕ್ಕೂ ದಾರಿ ಇದೆ, ಅವರು ಬೇಕಂತಲೇ ತಪ್ಪಿಸಿಕೊಂಡರು ಅಂತ ಬರ್ಕೊಂಡು ಒಬ್ಬಳೇ ಮೊಹರು ಮಾಡಿ ಕಳಿಸಿದೆ. ವಕೀಲರಿಂದ ಎಂಟು ಪುಟದ ಉತ್ತರ ಬಂತು, ಈ ಹೆಣ್ಣುಮಗಳು ಕೆರೆಯಿಂದ ನೀರು ತುಂಬ್ಕೊಂಡು ಹೋಗಿ ನಮ್ಮ ಹೆಸರು ಬರೆದಿದಾಳೆ ಅಂತ. ಆದಿನಾರಾಯಣಪ್ಪ ಸಾಹೇಬರು ಫೈಲು ಮುಚ್ಚಿ, "ಒಳಗಿನವರದ್ದು ಒಂದು ಸಹಿ ಬೇಕು ತಾಯೀ. ಅದಿಲ್ಲದೆ ಇದು ನಿಲ್ಲಲ್ಲ" ಅಂದ್ರು.

ಆಮೇಲೆ ಆ ಗುರುವಾರ. ಎರಡು ಸಾವಿರದ ಏಳನೇ ಇಸವಿ, ಮಾರ್ಚ್ ತಿಂಗಳು. ಬೆಳಿಗ್ಗೆ ಏಳೂಕಾಲಿಗೆ ಜೀಪು ಗೇಟಿನ ಹತ್ರ ನಿಂತಿತು. ವಿಮಾನ ನಿಲ್ದಾಣದ ಕೆಲಸಕ್ಕೆ ಹೋಗೋ ಜಲ್ಲಿ ಲಾರಿಗಳ ಸಾಲಿನ ಹಿಂದೆ ಬಂದ್ವಿ, ಅದಕ್ಕೇ ಕಾವಲಿನವನಿಗೆ ನಮ್ಮ ಜೀಪು ಕಾಣಲಿಲ್ಲ. ಪೈಪಿಂದ ನೀರು ಬೀಳ್ತಾನೇ ಇತ್ತು, ಕಡುನೇರಳೆ ಬಣ್ಣ, ಬಿಸಿ ಆವಿ. ನೀನು ಬಾಯ್ಲರ್ ಕಡೆಯಿಂದ ಕೈ ಒರೆಸ್ಕೊಂಡು ಬಂದೆ. ನನ್ನ ನೋಡಿ ನಗೋಕೆ ಹೋದವನು, ಹಿಂದೆ ಇದ್ದ ಡಬ್ಬಿ ಬಾಟಲಿ ನೋಡಿ ನಿಲ್ಲಿಸಿಬಿಟ್ಟೆ.

"ಈಗ ಇಲ್ಲಿ ಜವಾಬ್ದಾರಿ ಯಾರದು?" ಅಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

"ನಂದೇ" ಅಂದೆ ನೀನು. ಒಂದು ಉಸಿರು ಬಿಟ್ಟು, "ನಂದೇ ಮೇಡಂ" ಅಂದೆ.

ಹುಟ್ಟಿದಾಗಿಂದ ನೀನು ನನ್ನನ್ನ ಮೇಡಂ ಅಂದಿದ್ದು ಅದೊಂದೇ ಸಲ. ನೀನು ಮ್ಯಾನೇಜರಿಗೆ ಫೋನ್ ಮಾಡಿದೆ. ಆ ಕಡೆಯಿಂದ ಕೂಗ್ತಿದ್ದಿದ್ದು ನನಗೂ ಕೇಳಿಸ್ತಿತ್ತು. "ಯಾವ ಕಾಗದಕ್ಕೂ ಸಹಿ ಹಾಕಬೇಡ. ಇಪ್ಪತ್ತು ನಿಮಿಷದಲ್ಲಿ ಬರ್ತೀನಿ." ಫೋನ್ ಇಟ್ಟು ನನ್ನ ಹತ್ರ ಬಂದು ಮೆಲ್ಲಗೆ, "ಅಕ್ಕಾ, ಬೇಡ ಕಣಕ್ಕ. ಇದರಲ್ಲಿ ನನ್ನ ಹೆಸರು ಬೇಡ. ಇಲ್ಲಿ ನೂರಾ ನಲವತ್ತು ಜನ ಇದೀವಿ" ಅಂದೆ.

ನಾನು ನೋಟಿಸನ್ನ ಡ್ರಮ್ಮಿನ ಮೇಲೆ ಇಟ್ಟು, ಪೆನ್ನಿನ ಮುಚ್ಚಳ ತೆಗೆದು ಅದರ ಮೇಲೆ ಇಟ್ಟೆ. ಅಷ್ಟೇ ಮಾಡಿದ್ದು. ನೀನು ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. "ಅಪ್ಪ ಇದನ್ನೇ ಅಲ್ವಾ ಕೈಲಿ ಮುಟ್ತಿದ್ದಿದ್ದು" ಅಂದೆ. ಕೇಳಿದ್ದೋ, ನಿನಗೆ ನೀನೇ ಹೇಳ್ಕೊಂಡಿದ್ದೋ ಗೊತ್ತಾಗಲಿಲ್ಲ. ಆಮೇಲೆ ಸಹಿ ಹಾಕಿದೆ. ನಾನು ಅರಗು ಕರಗಿಸಿ ಸುರಿಯೋವಾಗ ಒಂದು ಹನಿ ಹೆಬ್ಬೆರಳಿನ ಮೇಲೆ ಬಿತ್ತು. ನೀನು ತಕ್ಷಣ ನನ್ನ ಕೈ ಹಿಡ್ಕೊಂಡು ಊದಿದೆ. ಎಲ್ಲರ ಎದುರಿಗೇ.

ಮೂರು ವಾರದಲ್ಲಿ ಫ್ಯಾಕ್ಟರಿ ಮುಚ್ಚೋ ಆರ್ಡರ್ ಬಂತು. ಕರೆಂಟು ತೆಗೆಸಿದ್ರು. ಮಿಕ್ಕಿದ್ದು ಬರೆಯೋಕೆ ಕೈ ಬರಲ್ಲ, ಆದರೂ ಬರೀತೀನಿ. ಕೆಲಸ ಕಳ್ಕೊಂಡವರು ಊರಲ್ಲಿ ನಮ್ಮನೆ ಮುಂದೆ ಬಂದು ನಿಂತಾಗ ನೀನು ಅಮ್ಮನನ್ನ ಒಳಗೆ ಕಳಿಸಿ ಒಬ್ಬನೇ ಜಗಲಿ ಮೇಲೆ ಕೂತಿದ್ಯಂತೆ. ಬಾಯ್ಲರ್ ಪಿಳ್ಳಣ್ಣ, ನಿನ್ನ ಜತೇಲೇ ಬುತ್ತಿ ಬಿಚ್ಚಿ ಉಣ್ತಿದ್ದವನು, "ಅಕ್ಕನ ಕೈಗೆ ನಮ್ಮ ಅನ್ನ ಇಟ್ಟುಬಿಟ್ಟ ಬಡ್ಡೀಮಗ" ಅಂದನಂತೆ. ಐದು ತಿಂಗಳಿಗೆ ನೀರು ಶುದ್ಧ ಮಾಡೋ ಘಟಕ ಕಟ್ಟಿ ಫ್ಯಾಕ್ಟರಿ ಮತ್ತೆ ತೆಗೆದರು. ಎಲ್ಲರನ್ನೂ ಕರೆದರು, ನಿನ್ನನ್ನೊಬ್ಬನ್ನ ಬಿಟ್ಟು. ಬಾಶೆಟ್ಟಿಹಳ್ಳೀಲಿ ಗೇಟು ಗೇಟಿಗೂ ನಿನ್ನ ಹೆಸರು ಮೊದಲೇ ಹೋಗಿತ್ತು. ಹೊಸಕೋಟೆ ಹತ್ರ ಪಿಲ್ಲಗುಂಪೇಲಿ ಸಿಕ್ಕಿದ ಕೆಲಸ ಹನ್ನೊಂದು ದಿನ. ಹನ್ನೆರಡನೇ ದಿನ ಯಾರೋ ಅವರಿಗೆ ಫೋನ್ ಮಾಡಿದ್ರು.

ಎರಡು ಸಾವಿರದ ಎಂಟರ ಫೆಬ್ರವರೀಲಿ ನೀವು ಮೂರು ಜನ ಬಸ್ಸು ಹತ್ತಿದ್ರಿ. ಅಮ್ಮನನ್ನ ನನ್ನ ಕೈಗೆ ಒಪ್ಪಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ನೀನು ಒಂದು ಮಾತು ಹೇಳಿದೆ. "ನೀನು ನಿನ್ನ ಕೆಲಸ ಮಾಡಿದೆ ಬಿಡಕ್ಕ. ನನ್ನ ಹಣೆಬರಹ ನೋಡು, ಅವತ್ತೇ ನನ್ನ ಪಾಳಿ ಬರಬೇಕಾ?" ನಕ್ಕೊಂಡೇ ಹೇಳಿದೆ. ಬಸ್ಸು ತಿರುವು ದಾಟೋವರೆಗೂ ನಾನು ಕೈ ಬೀಸ್ತಾ ಇದ್ದೆ. ಆ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಯ್ತು. ಅಮ್ಮ ಮೊದಮೊದಲು ಒಂದೊಂದು ವಿಮಾನ ಹೋದಾಗಲೂ, "ಇದು ಅಂಬ್ರಿ ಊರ ಮೇಲೆ ಹೋಗ್ತದಾ?" ಅಂತ ಕೇಳ್ತಿದ್ದಳು. ನಾನು ಹೋಗ್ತದೆ ಅಂತಿದ್ದೆ.

ಕೋರ್ಟಲ್ಲಿ ನಡೆದಿದ್ದು ನಿನಗೆ ತಿಳಿದಿಲ್ಲ. ನಿನ್ನ ಹೆಸರಿಗೆ ಹೊರಟ ಸಮನ್ಸು ಆಲದಕುಂಟೆ ಮನೆಗೆ ಹೋಗಿ, ಬೀಗ ಹಾಕಿದೆ ಅಂತ ವಾಪಸ್ಸು ಬಂತು. ಸಾಕ್ಷಿ ಕಟ್ಟೇಲಿ ನಾನೊಬ್ಬಳೇ ನಿಂತೆ. ಅವರ ವಕೀಲರು ಮೆತ್ತಗೆ ಮಾತಾಡೋ ಮನುಷ್ಯ.

"ಈ ಸಹಿ ಹಾಕಿದ ಅಂಬರೀಶ್ ನಿಮಗೆ ಏನಾಗಬೇಕು?"

"ನನ್ನ ಒಡಹುಟ್ಟಿದ ತಮ್ಮ."

"ಓಹೋ. ಹಾಗಾದರೆ ಇದು ಮನೆಯವರೆಲ್ಲ ಸೇರಿ ಮಾಡಿದ ಏರ್ಪಾಡು."

"ಇಲ್ಲ. ಜವಾಬ್ದಾರಿ ಅವನದಿತ್ತು. ಕಾಯ್ದೆ ಪ್ರಕಾರ ಅವನ ಸಹಿ ತಗೊಂಡೆ."

"ಅವತ್ತು ಅದೇ ಹೊತ್ತಿಗೆ ನಿಮ್ಮ ತಮ್ಮ ಡ್ಯೂಟೀಲಿ ಇರ್ತಾರೆ ಅಂತ ನಿಮಗೆ ಮುಂಚೆ ಗೊತ್ತಿತ್ತಾ?"

"ಗೊತ್ತಿರಲಿಲ್ಲ" ಅಂದೆ.

ಟೈಪಿಸ್ಟು ಅದನ್ನ ಟೈಪ್ ಮಾಡಿದಳು. ತೀರ್ಪಿನಲ್ಲಿ ಅದೂ ಇದೆ. ಮಾದರಿ ತೆಗೆದ ಅಧಿಕಾರಿಗೂ ಸಹಿ ಹಾಕಿದವರಿಗೂ ಸಂಬಂಧ ಇದ್ದರೂ, ಅದು ಆಕಸ್ಮಿಕ, ಸಾಕ್ಷಿ ನಂಬಲರ್ಹ ಅಂತ.

ಕೆರೆ ಹೇಗಿದೆ ಅಂತ ನೀನು ಅಮ್ಮನ ಹತ್ರ ಕೇಳಿದ್ಯಂತೆ. ಹೋದ ವಾರ ಹೋಗಿದ್ದೆ. ಈ ಸಲ ಮಳೆ ಪರವಾಗಿಲ್ಲ, ಅರ್ಧ ತುಂಬಿದೆ. ನೊರೆ ಇಲ್ಲ. ನೀರಿಗೆ ನೀರಿನ ಬಣ್ಣವೇ ಬಂದಿದೆ. ಕುಡಿಯೋ ಹಾಗಿಲ್ಲ, ದನ ಇಳಿಸ್ತಾರೆ. ಬೋರ್‌ವೆಲ್ ನೀರು ಮಾತ್ರ ಇನ್ನೂ ಕಹಿ, ಅದು ನಮ್ಮ ಕಾಲಕ್ಕೆ ಸರಿ ಹೋಗಲ್ಲ ಅಂತ ಕಾಣುತ್ತೆ. ಏರಿ ಪಕ್ಕದ ಗದ್ದೆಗಳನ್ನ ಸೈಟು ಮಾಡೋಕೆ ಕಲ್ಲು ನೆಟ್ಟಿದಾರೆ. ತೂಬಿನ ಮೇಲೆ ಕೂತು ನಿನ್ನನ್ನ ನೆನೆಸ್ಕೊಂಡೆ. ನೀನು ಆರು ವರ್ಷದವನಿದ್ದಾಗ ಅಲ್ಲೇ ಕಾಲು ಜಾರಿ ಬಿದ್ದು, ಅಪ್ಪ ಜುಟ್ಟು ಹಿಡಿದು ಎತ್ತಿದ್ರಲ್ಲ. ಎತ್ತಿದ ತಕ್ಷಣ ನೀನು ಅಳೋದು ಬಿಟ್ಟು "ಒಳಗೆ ಮೀನಿದೆ ಅಪ್ಪಾ" ಅಂದಿದ್ದೆ. ಜತೇಲಿ ಕೂತು ಇಂಥದ್ದನ್ನ ನೆನೆಸ್ಕೊಳ್ಳೋಕೆ ಈ ಭೂಮಿ ಮೇಲೆ ನನಗೆ ನಿನ್ನ ಬಿಟ್ಟು ಇನ್ನೊಬ್ಬರಿಲ್ಲ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ.

ಇನ್ನೊಂದು ಸುದ್ದಿ. ಪಿಳ್ಳಣ್ಣ ಹೋದ ಸೋಮವಾರ ಆಫೀಸಿಗೆ ಬಂದಿದ್ದ. ಈಗ ಅದೇ ಫ್ಯಾಕ್ಟರೀಲಿ ನೀರು ಶುದ್ಧ ಮಾಡೋ ಘಟಕ ನೋಡ್ಕೋತಾನೆ. ಬಾಗಿಲಲ್ಲೇ ನಿಂತ್ಕೊಂಡು, "ಮೇಡಂ, ಅವತ್ತು ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ಅಂಬ್ರಿಗೆ ಹೇಳಿ" ಅಂದ. ಕೂತ್ಕೋ ಅಂದ್ರೆ ಕೂರಲಿಲ್ಲ. ಬಾಶೆಟ್ಟಿಹಳ್ಳೀಲಿ ಏಳೆಂಟು ಸಣ್ಣ ಯೂನಿಟ್ಟಿನವರು ಸೇರಿ ಒಟ್ಟಿಗೆ ಒಂದು ಶುದ್ಧೀಕರಣ ಘಟಕ ಕಟ್ಟಿದಾರಂತೆ. ಬಣ್ಣದ ನೀರಿನ ಸ್ವಭಾವ ಗೊತ್ತಿರೋ ಆಪರೇಟರ್ ಬೇಕಂತೆ. "ಅವನಷ್ಟು ತಿಳಿದೋರು ಈ ಕಡೆ ಯಾರವ್ರೆ? ನಾನು ಮಾತಾಡಿದೀನಿ. ಹಳೇದನ್ನ ಯಾರೂ ಎತ್ತಲ್ಲ. ಆಗಸ್ಟಲ್ಲಿ ಬರೋಕೆ ಹೇಳಿ" ಅಂದ. ನಾನು ಯಾರ ಹತ್ರಾನೂ ಶಿಫಾರಸು ಮಾಡಿಲ್ಲ ಅಂಬ್ರಿ, ಮಾಡಬಾರದು ಕೂಡ. ಇದು ಪೂರ್ತಿ ಪಿಳ್ಳಣ್ಣನದೇ.

ಅಮ್ಮನಿಗೆ ತಿಳಿಸಿದೆ. ಆಗಲೇ ನಡುಮನೆ ಗೂಡು ಖಾಲಿ ಮಾಡಿ, ಯಶಸ್ವಿನಿ ಪುಸ್ತಕ ಇಡೋಕೆ ಅಂತ ಪೇಪರ್ ಹಾಸಿದಾಳೆ. ನಾನು ಅವಳಿಗೆ ಆಸೆ ಇಟ್ಕೋಬೇಡ ಅನ್ನಲಿಲ್ಲ. ನನಗೇ ಆಗ್ತಿಲ್ಲ. ಬೀದೀಲಿ ಯಾರಾದ್ರೂ ಸೈಕಲ್ ಸ್ಟ್ಯಾಂಡು ಒದ್ದು ನಿಲ್ಲಿಸಿದ ಸದ್ದಾದ್ರೆ ನೀನೇ ಅಂದ್ಕೋತೀನಿ. ನೀನು ಸೈಕಲ್ ಬಿಟ್ಟು ಹತ್ತು ವರ್ಷವಾದ್ರೂ.

ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು. ಯಶಸ್ವಿನಿ ಹಣೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ಬೇಲ್ ಹೊರೋವಾಗ ನಡು ನೋಡ್ಕೋ. ನೀನು ಇದ್ದ ಕಡೆ ನೆರಳಿರಲಿ, ನಿನ್ನ ಮಗಳು ಓದಿ ನಿನ್ನ ಹೆಗಲಷ್ಟು ಎತ್ತರ ಬೆಳೀಲಿ.

ನಿನ್ನ ದಾರಿ ನೋಡ್ತಿರೋ,
ಅಕ್ಕ
ಸಂಘಮಿತ್ರ

ತಾ.ಕ.: ಅಂಟಿಸೋಕೆ ಮುಂಚೆ ಮತ್ತೆ ಓದಿದೆ. ಹೀಗೇ ಕಳಿಸಿದ್ರೆ ನೀನು ಸಂತೋಷವಾಗಿ ಬಂದುಬಿಡ್ತೀಯ. ಅದು ನನಗೆ ಬೇಡ.

ಆ ಗುರುವಾರದ ಹಿಂದಿನ ದಿನ, ಬುಧವಾರ ಸಂಜೆ, ನಾನು ಇಲ್ಲಿಂದ ಊರಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದ್ದೆ. ಅದೂ ಇದೂ ಮಾತಾಡಿ, "ಅಂಬ್ರಿದು ಈ ವಾರ ಯಾವ ಪಾಳಿ?" ಅಂತ ಕೇಳಿದೆ. "ಬೆಳಗಿನದು ಕಣವ್ವ, ಆರಕ್ಕೇ ಹೋಗ್ತಾನೆ" ಅಂದಳು. ಅಕ್ಕನಿಗೆ ತಮ್ಮನ ಮೇಲೆ ಎಷ್ಟು ಅಕ್ಕರೆ ಅಂದ್ಕೊಂಡಿರ್ತಾಳೆ. ತಪಾಸಣೆಗೆ ಹೋಗೋ ದಿನ ನೀವೇ ಗೊತ್ತು ಮಾಡಿ ಅಂತ ಸಾಹೇಬರು ಅಂದಿದ್ರು. ನಾನು ಗುರುವಾರ ಬೆಳಿಗ್ಗೆ ಅಂತ ಬರೆದೆ. ಮ್ಯಾನೇಜರು ಒಂಬತ್ತಕ್ಕೆ ಮುಂಚೆ ಬರಲ್ಲ, ಅಲ್ಲಿವರೆಗೂ ಜವಾಬ್ದಾರಿ ನಿನ್ನದು ಅಂತಲೂ ನನಗೆ ಗೊತ್ತಿತ್ತು. ಅದು ನಿನ್ನ ಹಣೆಬರಹ ಆಗಿರಲಿಲ್ಲ. ನಾನು ಬರೆದಿದ್ದು. ಪ್ರಮಾಣ ಮಾಡಿ ಕೋರ್ಟಲ್ಲಿ ಹೇಳಿದ್ದೂ ಸುಳ್ಳು. ಈಗ ಅದು ನನ್ನ ಕೈಬರಹದಲ್ಲಿ ನಿನ್ನ ಹತ್ರ ಇದೆ, ಯಾರಿಗೆ ತೋರಿಸ್ತೀಯೋ ನಿನಗೆ ಬಿಟ್ಟಿದ್ದು.

ಬೇರೆ ಯಾರನ್ನ ಸಹಿ ಕೇಳಿದ್ರೂ ಆಗಲ್ಲ ಅಂತಿದ್ರು. ನನಗೆ ನೀನು ಯಾವತ್ತೂ ಇಲ್ಲ ಅಂದವನಲ್ಲ. ಅದು ಗೊತ್ತಿದ್ದೇ ನಿನ್ನ ಪಾಳಿಗೆ ಬಂದೆ.

ಈ ಸಲ ಇಲ್ಲ ಅನ್ನಬೇಕು ಅನ್ನಿಸಿದ್ರೆ ಅಂದುಬಿಡು. ಅಮ್ಮನಿಗೆ ನಾನೇ ಹೇಳ್ಕೋತೀನಿ.